ಜೊತೆಯಾಗಿ ತುಳಿದ ದಾರಿ

ನಿವೃತ್ತಿಯ ನಂತರದ ಬದುಕನ್ನು ಕುರಿತು ನಮ್ಮ ಸಮಾಜದಲ್ಲಿ ಆಡುವ ಮಾತುಗಳೆಲ್ಲ ಬಹುಮಟ್ಟಿಗೆ ವಿಶ್ರಾಂತಿಯ ಮಾತುಗಳೇ ಆಗಿರುತ್ತವೆ. "ಇಷ್ಟು ವರ್ಷ ದುಡಿದಿರಿ, ಇನ್ನು ನೆಮ್ಮದಿಯಿಂದ ಕುಳಿತುಕೊಳ್ಳಿ" ಎಂದು ಹಾರೈಸದವರಿಲ್ಲ. ಆ ಹಾರೈಕೆಯಲ್ಲಿ ಪ್ರೀತಿಯಿದೆ, ಗೌರವವಿದೆ. ಆದರೆ ಅರವತ್ತರ ನಂತರವೂ ಹದಿನೈದು ಇಪ್ಪತ್ತು ವರ್ಷಗಳ ಆಯುಷ್ಯ ಅನೇಕರಿಗೆ ಲಭಿಸುತ್ತಿರುವ ಈ ಕಾಲದಲ್ಲಿ, ಅಷ್ಟು ವರ್ಷ ಕುಳಿತೇ ಇರುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಗಂಡ ಹೆಂಡಿರಿಬ್ಬರೂ ನೌಕರಿಯಲ್ಲಿದ್ದ ಮನೆಗಳಲ್ಲಿ ಅವರು ಒಬ್ಬರನ್ನೊಬ್ಬರು ನೋಡುವುದು ಬೆಳಗಿನ ಗಡಿಬಿಡಿಯಲ್ಲಿ ಮತ್ತು ಸಂಜೆಯ ಆಯಾಸದಲ್ಲಿ. ಮಕ್ಕಳ ಓದು, ಹಿರಿಯರ ಔಷಧೋಪಚಾರ, ಮನೆಯ ಸಾಲ, ಮದುವೆ ಮುಂಜಿಗಳ ನಡುವೆ ಮೂವತ್ತು ನಲವತ್ತು ವರ್ಷಗಳು ಸರಿದುಹೋಗುತ್ತವೆ. ಕೊನೆಗೊಂದು ದಿನ ಮಕ್ಕಳು ತಮ್ಮ ತಮ್ಮ ನೆಲೆಗಳಿಗೆ ಹೊರಟುಹೋಗಿ, ಮನೆಯಲ್ಲಿ ಇಬ್ಬರೇ ಉಳಿದಾಗ, ಎದುರಿಗೆ ಕುಳಿತವರನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ನಮ್ಮಿಬ್ಬರಿಗೆ ಈ ಹೊಸ ಪರಿಚಯವನ್ನು ಮಾಡಿಕೊಟ್ಟದ್ದು ಎರಡು ಸೈಕಲ್ಲುಗಳು. 2023ರ ಜನವರಿಯಲ್ಲಿ ಧಾರವಾಡದಿಂದ ಇಳಕಲ್ಲಿನವರೆಗೆ ಎಂಟು ದಿನ ನಾವು ಕೈಗೊಂಡ ಪ್ರವಾಸದ ಅನುಭವವನ್ನು ಸಹೃದಯ ಓದುಗರೊಂದಿಗೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದವಳು. ಸೇವೆಯ ಬಹುಪಾಲು ನವಲಗುಂದ ತಾಲೂಕಿನ ಹಳ್ಳಿಗಳಲ್ಲಿ ಕಳೆಯಿತು. 2020ರ ಮೇ ತಿಂಗಳಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ಕಾಲದಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಯ ಸಮಾರಂಭವಿಲ್ಲ, ಮಕ್ಕಳ ಮುಖದರ್ಶನವಿಲ್ಲ. ಪ್ರಯೋಗಾಲಯದ ಬೀಗದ ಕೈಯನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ, ವಹಿಯಲ್ಲಿ ಸಹಿ ಮಾಡಿ ಮನೆಗೆ ಬಂದೆ. ನಮ್ಮ ಯಜಮಾನರು ಸರ್ಕಾರದ ಇಲಾಖೆಯೊಂದರಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದು 2017ರಲ್ಲೇ ನಿವೃತ್ತರಾಗಿದ್ದರು. 2019ರಲ್ಲಿ ಅವರ ಹೃದಯದ ರಕ್ತನಾಳವೊಂದಕ್ಕೆ ಸ್ಟೆಂಟ್ ಅಳವಡಿಸಬೇಕಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದು ಭಯ ನೆಲೆಸಿತ್ತು.

ಸೈಕಲ್ಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬಾಲ್ಯದಲ್ಲಿ ಸೈಕಲ್ ಗಂಡುಮಕ್ಕಳ ಸೊತ್ತು. ನನ್ನ ಅಣ್ಣಂದಿರು ಬಾಡಿಗೆ ಸೈಕಲ್ ತಂದು, ಅದರ ತ್ರಿಕೋನದೊಳಗೆ ಕಾಲು ತೂರಿಸಿ, ಬಿದ್ದು ಎದ್ದು, ಮೊಣಕಾಲು ಕೆತ್ತಿಸಿಕೊಂಡು ಕಲಿತರು. ಹುಡುಗಿಯರು ಕಟ್ಟೆಯ ಮೇಲೆ ಕುಳಿತು ನೋಡಿ ನಕ್ಕರೆ ಮುಗಿಯಿತು. 1984ರಲ್ಲಿ ನನ್ನ ಮದುವೆಯಾಯಿತು. ಮೊದಲು ಯಜಮಾನರ ಸೈಕಲ್ಲಿನ ಕ್ಯಾರಿಯರ್ ಮೇಲೆ, ಮುಂದೆ ಅವರ ಸ್ಕೂಟರಿನ ಹಿಂದಿನ ಸೀಟಿನ ಮೇಲೆ, ಒಂದು ಬದಿಗೆ ಕಾಲು ಇಳಿಬಿಟ್ಟು ಸೆರಗು ಹಿಡಿದು ಕುಳಿತು ಧಾರವಾಡವನ್ನೆಲ್ಲ ಸುತ್ತಿದೆ. ಅಷ್ಟು ವರ್ಷಗಳ ಆ ಪಯಣದಲ್ಲಿ ನನ್ನ ಕಣ್ಣೆದುರಿಗಿದ್ದ ದೃಶ್ಯ ಒಂದೇ, ಅವರ ಬೆನ್ನು. ಇದನ್ನು ದೂರೆಂದು ಹೇಳುತ್ತಿಲ್ಲ. ನಮ್ಮ ತಲೆಮಾರಿನ ಹೆಂಗಳೆಯರೆಲ್ಲರೂ ಕಂಡ ಲೋಕ ಬಹುಮಟ್ಟಿಗೆ ಹಾಗೆಯೇ ಇತ್ತು.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಮುಂದೆ ಅದು ಗಂಡುಮಕ್ಕಳಿಗೂ ವಿಸ್ತರಿಸಿತು. ಲಾರಿಯಲ್ಲಿ ಬಂದ ಸೈಕಲ್ಲುಗಳನ್ನು ಎಣಿಸಿಕೊಂಡು ಹಂಚುವ ಹೊಣೆ ನಮ್ಮ ಶಾಲೆಯಲ್ಲಿ ನನ್ನ ಪಾಲಿಗೆ ಬಂದಿತ್ತು. ಮೂರು ನಾಲ್ಕು ಕಿಲೋಮೀಟರ್ ದೂರದ ಹಳ್ಳಿಗಳಿಂದ ನಡೆದು ಬರುತ್ತಿದ್ದ ಹುಡುಗಿಯರು ವಾರ ಕಳೆಯುವುದರೊಳಗೆ ಶಾಲೆಯ ಬಯಲಿನಲ್ಲಿ ಸೈಕಲ್ ಹೊಡೆಯುವುದನ್ನು ಕಲಿತು, ಸಾಲುಸಾಲಾಗಿ ಗಂಟೆ ಬಾರಿಸುತ್ತ ಬರತೊಡಗಿದರು. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತ ಸಂಗತಿಯನ್ನು ಓದಿದ್ದೆ. ಅದರ ಅರ್ಥ ನನಗೆ ಮನವರಿಕೆಯಾದದ್ದು ನಮ್ಮ ಶಾಲೆಯ ಬಯಲಿನಲ್ಲಿ. ಹೆಣ್ಣುಮಗಳೊಬ್ಬಳು ಯಾರ ದಾರಿಯನ್ನೂ ಕಾಯದೆ, ಯಾರನ್ನೂ ಕೇಳಿಕೊಳ್ಳದೆ, ತಾನು ಹೋಗಬೇಕಾದಲ್ಲಿಗೆ ತಾನೇ ಹೋಗಬಲ್ಲಳು ಎಂಬುದು ಸಣ್ಣ ಮಾತಲ್ಲ.

ಪ್ರತಿವರ್ಷವೂ ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಮೇರಿ ಕ್ಯೂರಿಯವರ ಕಥೆಯನ್ನು ತಪ್ಪದೆ ಹೇಳುತ್ತಿದ್ದೆ. 1895ರ ಜುಲೈ 26ರಂದು ಮೇರಿ ಮತ್ತು ಪಿಯರ್ ಅವರ ವಿವಾಹವಾಯಿತು. ಆಡಂಬರವಿಲ್ಲದ ಆ ಮದುವೆಗೆ ಮೇರಿ ಉಟ್ಟದ್ದು ಗಾಢನೀಲಿ ಬಣ್ಣದ ಸಾದಾ ಉಡುಪು. ಅದನ್ನೇ ಮುಂದೆ ಪ್ರಯೋಗಾಲಯದಲ್ಲಿಯೂ ಬಳಸಿದರು. ಮದುವೆಗೆ ಉಡುಗೊರೆಯಾಗಿ ಬಂದ ಹಣದಲ್ಲಿ ಎರಡು ಸೈಕಲ್ಲುಗಳನ್ನು ಕೊಂಡು, ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸುತ್ತಾಡಿ ಬಂದರು. ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1903ರಲ್ಲಿ. 1906ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಕುದುರೆಗಾಡಿಯೊಂದಕ್ಕೆ ಸಿಲುಕಿ ಪಿಯರ್ ತೀರಿಕೊಂಡರು. ದಾಂಪತ್ಯದ ಅವಧಿ ಹನ್ನೊಂದು ವರ್ಷ ಕೂಡ ತುಂಬಲಿಲ್ಲ. ಮಕ್ಕಳಿಗೆ ರೇಡಿಯಂ ಕುರಿತು ಹೇಳುತ್ತಿದ್ದರೂ ನನ್ನ ಮನಸ್ಸು ಆ ಎರಡು ಸೈಕಲ್ಲುಗಳ ಬಳಿಯಲ್ಲೇ ನಿಂತುಬಿಡುತ್ತಿತ್ತು. ಒಂದು ಸೈಕಲ್ಲಿನ ಮೇಲೆ ಇಬ್ಬರಲ್ಲ, ಇಬ್ಬರಿಗೆ ಎರಡು ಸೈಕಲ್ಲು. ಆ ಲೆಕ್ಕ ನನಗೆ ಬಹಳ ಹಿಡಿಸಿತ್ತು.

ನಿವೃತ್ತಿಯಾದ ವರ್ಷದ ಅಕ್ಟೋಬರಿನಲ್ಲಿ ಒಂದು ಸಂಜೆ ಯಜಮಾನರ ಮುಂದೆ ಈ ಆಸೆಯನ್ನು ಹೇಳಿದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಪೆಡಲ್ ಬಿಚ್ಚಬೇಕು" ಎಂದರು. ಮರುದಿನವೇ ನೆರೆಯವರ ಹುಡುಗಿಯ ಸೈಕಲ್ಲನ್ನು ಕೇಳಿ ತಂದು, ಎರಡೂ ಪೆಡಲ್ಲುಗಳನ್ನು ಬಿಚ್ಚಿ, ಎರಡೂ ಪಾದಗಳು ನೆಲಕ್ಕೆ ಊರುವಷ್ಟು ಸೀಟನ್ನು ಕೆಳಗಿಳಿಸಿದರು. ಸೀಟಿನ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಹಿಂದಕ್ಕೆ ನೂಕುತ್ತ, ಚಿಕ್ಕ ಮಕ್ಕಳಂತೆ ಸಾಗುವುದು ಮೊದಲ ಪಾಠ. ಹತ್ತು ದಿನಗಳಲ್ಲಿ ಎರಡೂ ಕಾಲುಗಳನ್ನು ಎತ್ತಿ ಇಪ್ಪತ್ತು ಗಜ ತೇಲಿಹೋಗುವುದು ಸಾಧ್ಯವಾಯಿತು. ಅನಂತರ ಪೆಡಲ್ ಹಾಕಿದರು. ಸೈಕಲ್ ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೇ ಹ್ಯಾಂಡಲ್ಲನ್ನು ತುಸು ತಿರುಗಿಸಬೇಕು. ಆಗ ಚಕ್ರಗಳು ಮೈಯ ಭಾರದ ಕೆಳಕ್ಕೆ ಬಂದು ಸಮತೋಲ ಮರಳುತ್ತದೆ. ಈ ತತ್ತ್ವವನ್ನು ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬಿಡಿಸಿ ತೋರಿಸಿದ್ದೆ. ಅದು ಅಂಗೈಗೂ ಸೊಂಟಕ್ಕೂ ಅರ್ಥವಾದದ್ದು ಅರವತ್ತನೆಯ ವಯಸ್ಸಿನಲ್ಲಿ. ಅರವತ್ತರಲ್ಲಿ ಮೈಗೆ ಹೊಸದೊಂದು ಪಾಠ ಹತ್ತಿದಾಗ ಆಗುವ ಸಂತೋಷವನ್ನು ಅನುಭವಿಸಿದವರೇ ಬಲ್ಲರು.

ಮುಂದಿನ ವರ್ಷ ಹುಬ್ಬಳ್ಳಿಯಿಂದ ಏಳು ಗೇರುಗಳ ಎರಡು ಸಾಧಾರಣ ಸೈಕಲ್ಲುಗಳನ್ನು ಕೊಂಡೆವು. ಬೆಳಗಿನ ಐದು ಕಿಲೋಮೀಟರ್ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ನನ್ನ ಮೊಣಕಾಲು ನೋವು ಹೆಚ್ಚೀತೆಂಬ ಅಂಜಿಕೆಯಿತ್ತು. ಆದರೆ ಸೈಕಲ್ಲಿನಲ್ಲಿ ಮೈಯ ಭಾರ ಸೀಟಿನ ಮೇಲೆ ಬೀಳುವುದರಿಂದ, ಸೀಟಿನ ಎತ್ತರ ಸರಿಯಾಗಿದ್ದರೆ, ನಡಿಗೆಗಿಂತಲೂ ಮಂಡಿಗೆ ಸಲೀಸು. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರಬೇಕು. ಸೀಟು ತಗ್ಗಾದರೆ ನೋವು ತಪ್ಪಿದ್ದಲ್ಲ.

ಇಳಕಲ್ಲಿನಲ್ಲಿ ನನ್ನ ತಾಯಿಯ ತಂಗಿ, ಎಂಬತ್ತಾರು ವರ್ಷದ ಚಿಗವ್ವ ಇದ್ದಾರೆ. ಅವರನ್ನು ಕಾಣಲು ಈ ಸಲ ಸೈಕಲ್ ಮೇಲೆಯೇ ಹೋಗೋಣವೆಂದು ನಾವು ನಿಶ್ಚಯಿಸಿದಾಗ ಮಕ್ಕಳು ಗಾಬರಿಗೊಂಡರು. "ಅವ್ವಾ, ಅಪ್ಪಾಜಿಗೆ ಸ್ಟೆಂಟ್ ಹಾಕ್ಯಾರ. ಇಂಥಾದ್ರಾಗ ಸೈಕಲ್ ಮ್ಯಾಲೆ ಊರೂರು ತಿರುಗೋದಂದ್ರ ಏನು?" ಎಂದು ಬೆಂಗಳೂರಿನಿಂದ ಮಗಳು ಫೋನಿನಲ್ಲೇ ಅತ್ತಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದ್ದರಿಂದ ಹೃದ್ರೋಗ ತಜ್ಞರನ್ನೇ ಕೇಳಿದೆವು. ಅವರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿ, ನಮ್ಮ ಎರಡು ವರ್ಷಗಳ ಅಭ್ಯಾಸವನ್ನು ವಿಚಾರಿಸಿಕೊಂಡು, ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟರು. ಯಾವ ಮಾತ್ರೆಯನ್ನೂ ತಪ್ಪಿಸಬಾರದು; ಎದೆ ಬಿಗಿದಂತಾದರೆ ಆ ಕ್ಷಣವೇ ನಿಲ್ಲಬೇಕು; ದಿನಕ್ಕೆ ನಲವತ್ತೈದು ಕಿಲೋಮೀಟರ್ ಮೀರಬಾರದು. ಕೊನೆಯದಾಗಿ ಒಂದು ಅಳತೆಯನ್ನು ಹೇಳಿದರು. ಸೈಕಲ್ ತುಳಿಯುತ್ತಿರುವಾಗ ಪಕ್ಕದವರೊಡನೆ ಸಲೀಸಾಗಿ ಮಾತನಾಡಲು ಸಾಧ್ಯವಿರಬೇಕು. ಮಾತು ತುಂಡಾಗತೊಡಗಿದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಸಂಕ್ರಾಂತಿ ಕಳೆದ ಮೇಲೆ, ಜನವರಿ 18ರ ಬುಧವಾರ ಬೆಳಗಿನ ಆರೂವರೆಗೆ ಧಾರವಾಡವನ್ನು ಬಿಟ್ಟೆವು. ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ, ಬೆನ್ನಿಗೆ ಹೊಳೆಯುವ ಪಟ್ಟಿಯ ಅಂಗಿ. ಇಬ್ಬರ ಕ್ಯಾರಿಯರಿನ ಮೇಲೂ ಐದೈದು ಕಿಲೋ ಗಂಟು: ಎರಡು ಜೊತೆ ಬಟ್ಟೆ, ಶಾಲು, ಔಷಧಿ, ಎರಡು ಹೆಚ್ಚಿನ ಟ್ಯೂಬು, ಪಂಪು, ಪಂಕ್ಚರಿನ ಸಾಮಾನು, ಉಪ್ಪು ಸಕ್ಕರೆಯ ಪೊಟ್ಟಣಗಳು. ನಾಲಿಗೆಯ ಕೆಳಗೆ ಇಡುವ ಮಾತ್ರೆಯ ಡಬ್ಬಿ ಮಾತ್ರ ನನ್ನ ಕಿಸೆಯಲ್ಲಿತ್ತು. ನಲವತ್ತು ವರ್ಷ ಸೀರೆಯನ್ನಷ್ಟೇ ಉಟ್ಟ ನಾನು ಚೂಡಿದಾರ ತೊಟ್ಟು ಹೊರಟದ್ದನ್ನು ಕಂಡು ಹಾಲಿನವನು ಗುರುತು ಹಿಡಿಯದೆ ಮುಂದೆ ಹೋದನು.

ಧಾರವಾಡದ ಏರಿಳಿತಗಳು ಮುಗಿದ ಮೇಲೆ ಎರೆಭೂಮಿ ಆರಂಭವಾಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಅದು ಬರೀ ಬಯಲು. ಸೈಕಲ್ಲಿನವರಿಗೆ ಅಲ್ಲಿ ಪ್ರತಿ ಫರ್ಲಾಂಗಿಗೂ ವಾಸನೆ ಬೇರೆ. ತೆನೆಗಟ್ಟಿದ ಬಿಳಿಜೋಳ, ಕಡಲೆಯ ಹುಳಿ, ಕುಸುಬೆಯ ಹಳದಿ, ದೂರದಲ್ಲೆಲ್ಲೋ ಸುಲಗಾಯಿ ಸುಡುತ್ತಿರುವ ಹೊಗೆ. ನಡೆಯುವ ಶ್ರಮದಲ್ಲೇ ಮೂರು ಪಟ್ಟು ದೂರ ಒಯ್ಯುವ ಈ ಯಂತ್ರ ಲೋಕವನ್ನು ಕಣ್ಣಿಗೆ ಮಸುಕು ಮಾಡುವಷ್ಟು ಬೇಗ ಓಡುವುದಿಲ್ಲ, ಬೇಸರ ಬರುವಷ್ಟು ನಿಧಾನವಾಗಿಯೂ ಸಾಗುವುದಿಲ್ಲ. ಬದುವಿನ ಮೇಲೆ ಕುಳಿತ ಅಜ್ಜಿಯೊಬ್ಬರು, "ಯಾಕ್ರೀ ಯವ್ವಾ, ಬಸ್ಸು ತಪ್ಪಿಸ್ಕೊಂಡ್ರೇನ?" ಎಂದು ಕನಿಕರದಿಂದ ಕೇಳಿದರು. ಇಲ್ಲವೆಂದು ನಕ್ಕಾಗ ಅವರಿಗೆ ಇನ್ನಷ್ಟು ಕನಿಕರವಾಯಿತು. ಒಂದು ಹಿಡಿ ಸುಲಗಾಯಿ ಕೊಟ್ಟು ಕಳುಹಿಸಿದರು.

ನವಲಗುಂದ ಇನ್ನು ಸ್ವಲ್ಪ ದೂರವಿರುವಾಗ ಎದುರಿನಿಂದ ಬಂದ ಸ್ಕೂಟರೊಂದು ನಮ್ಮನ್ನು ದಾಟಿಹೋಗಿ, ಮತ್ತೆ ತಿರುಗಿ ಬಂದು ನಿಂತಿತು. ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು. "ಅಕ್ಕೋರ, ನೀವ ಏನ್ರೀ? ನೀವು ಸೈಕಲ್ ಹೊಡ್ಯಾಕತ್ತೀರಿ?" ಎಂದಳು. 2008ರಲ್ಲಿ ನನ್ನ ಕೈಯಿಂದಲೇ ಸೈಕಲ್ ಪಡೆದ ಎಂಟನೆಯ ತರಗತಿಯ ಹುಡುಗಿ ಅವಳು. ಆ ಸೈಕಲ್ಲಿನ ಮೇಲೆಯೇ ಹೈಸ್ಕೂಲು, ಅದರ ಮೇಲೆಯೇ ಕಾಲೇಜು ಮುಗಿಸಿ, ಈಗ ಆರೋಗ್ಯ ಇಲಾಖೆಯಲ್ಲಿ ಹಳ್ಳಿಹಳ್ಳಿ ತಿರುಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುತ್ತಾಳೆ. ನಾನು ಎಲ್ಲಿ ಕಲಿತೆನೆಂದು ಕೇಳಿದಳು. "ನಿಮ್ಮನ್ನ ನೋಡಿ" ಎಂದೆ. ಅವಳು ಕಣ್ಣೊರೆಸಿಕೊಂಡಳು. ನನಗೆ 2020ರಲ್ಲಿ ಆಗದೆ ಉಳಿದಿದ್ದ ಬೀಳ್ಕೊಡುಗೆಯ ಸಮಾರಂಭ ಆ ರಸ್ತೆಯ ಬದಿಯಲ್ಲಿ, ಜಾಲಿಗಿಡದ ನೆರಳಿನಲ್ಲಿ ನಡೆಯಿತೆಂದೇ ನಾನು ತಿಳಿದಿದ್ದೇನೆ.

ಆ ರಾತ್ರಿ ನವಲಗುಂದದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ, ಆ ಊರಿನ ಹೆಸರಾಂತ ಜಮಖಾನದ ಮೇಲೆ ಮಲಗಿದೆವು. ಮರುದಿನ ಇಪ್ಪತ್ತು ಕಿಲೋಮೀಟರಿನ ಸಣ್ಣ ಹಾದಿ, ನರಗುಂದದವರೆಗೆ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬರ ಗುಡ್ಡ ಬಹಳ ದೂರದಿಂದಲೇ ಕಾಣತೊಡಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಅದು ಒಮ್ಮೆಲೇ ಎದುರಾಗುತ್ತಿತ್ತು. ಈ ಸಲ ಗಂಟೆಗಟ್ಟಲೆ ನಮ್ಮ ಜೊತೆಗೇ ಬೆಳೆಯುತ್ತ ಬಂದಿತು.

ಮೂರನೆಯ ದಿನ ನಮ್ಮ ಪರೀಕ್ಷೆಯಾಯಿತು. ನರಗುಂದದಿಂದ ಕೊಣ್ಣೂರು, ಅಲ್ಲಿ ಮಲಪ್ರಭೆಯನ್ನು ದಾಟಿ ಕುಳಗೇರಿ ಕ್ರಾಸ್, ಅಲ್ಲಿಂದ ಬಾದಾಮಿ ಎಂಬುದು ನಮ್ಮ ಯೋಜನೆ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಮೂಡಣದಿಂದ ಬೀಸುತ್ತದೆ. ನಾವು ಹೊರಟದ್ದೂ ಮೂಡಣಕ್ಕೇ. ಗಾಳಿಯ ತಡೆ ಅದರ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಎದುರುಗಾಳಿಯ ವೇಗ ತುಸು ಏರಿದರೂ ತುಳಿಯುವವರ ಶ್ರಮ ಬಹಳ ಏರುತ್ತದೆ. ಅಂದು ನಸುಕಿನಿಂದಲೇ ಗಾಳಿ ಎದ್ದಿತ್ತು. ಯಜಮಾನರು ಮುಂದೆ, ಅವರ ಮರೆಯಲ್ಲಿ ನಾನು ಹಿಂದೆ. ಮುಂದಿನವರು ಗಾಳಿಯನ್ನು ಸೀಳಿದರೆ ಹಿಂದಿನವರಿಗೆ ಹಗುರವಾಗುತ್ತದೆ. ಎರಡು ದಿನಗಳಿಂದ ಅವರು ಈ ಜಾಗವನ್ನು ಕೇಳದೆಯೇ ವಹಿಸಿಕೊಂಡಿದ್ದರು.

ಹೊಳೆಯನ್ನು ದಾಟಿದ ಮೇಲೆ ಅವರನ್ನೇನೋ ಕೇಳಿದೆ. ಉತ್ತರ ಬರಲಿಲ್ಲ. ಗಾಳಿಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲವೆಂದು ಇನ್ನೊಮ್ಮೆ ಕೇಳಿದೆ. ಆಗಲೂ ಇಲ್ಲ. ಪೆಡಲ್ ಒತ್ತಿ ಅವರ ಪಕ್ಕಕ್ಕೆ ಹೋಗಿ ನೋಡಿದರೆ ಬಾಯಿ ತೆರೆದಿತ್ತು, ಮುಖ ಬಿಳುಪೇರಿತ್ತು. ಕೈಮಾಡಿ ನಿಲ್ಲಿಸಿದೆ. ಬೇವಿನ ಮರವೊಂದರ ಕೆಳಗೆ ಶಾಲು ಹಾಸಿ ಕೂರಿಸಿ, ನಾಡಿ ಹಿಡಿದು ಗಡಿಯಾರ ನೋಡಿದೆ. ಎದೆನೋವಿಲ್ಲ, ಬೆವರಿಲ್ಲ, ಬರೀ ದಣಿವು ಎಂದು ಅವರು ತುಂಡು ತುಂಡಾಗಿ ಹೇಳಿದರು. ಉಪ್ಪು ಸಕ್ಕರೆಯ ನೀರು ಕುಡಿಸಿದೆ. ನನ್ನ ಕಿಸೆಯಲ್ಲಿದ್ದ ಡಬ್ಬಿಯ ಮೇಲೆ ಕೈಯಿಟ್ಟು ಅರ್ಧ ಗಂಟೆ ಕುಳಿತೆ. ಆ ಅರ್ಧ ಗಂಟೆಯಲ್ಲಿ ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಮಾತಿಲ್ಲದೆ ಕುಳಿತಿದ್ದ ಭಯ ನಮ್ಮಿಬ್ಬರ ನಡುವೆ ಬಂದು ಕುಳಿತಿತು.

ಮೊದಲು ಮಾತೆತ್ತಿದವರು ಅವರೇ. ತಮಗೇನಾದರೂ ಆದರೆ ಬ್ಯಾಂಕಿನ ಕಾಗದಗಳು ಎಲ್ಲಿವೆ, ಯಾವ ಠೇವಣಿ ಯಾವಾಗ ಮುಗಿಯುತ್ತದೆ ಎಂದು ಲೆಕ್ಕಿಗರ ಕ್ರಮದಲ್ಲಿ ಹೇಳತೊಡಗಿದರು. ನಾನು ತಡೆಯಲಿಲ್ಲ. ಎಲ್ಲವನ್ನೂ ಕೇಳಿದೆ. ಕೇಳಿ ಮುಗಿದ ಮೇಲೆ, ನಾನು ಮೊದಲು ಹೋದರೆ ಅವರು ಯಾರ ಬಳಿ ಇರಬೇಕು, ಯಾವ ಅಡಿಗೆಯನ್ನಾದರೂ ಕಲಿತುಕೊಂಡಿರಬೇಕು ಎಂದು ನನ್ನ ಪಾಲಿನದನ್ನೂ ಹೇಳಿದೆ. ಮನೆಯ ನಾಲ್ಕು ಗೋಡೆಗಳ ನಡುವೆ ಆಡಲಾಗದ ಮಾತುಗಳನ್ನು ಆ ಬೇವಿನ ಮರದ ಕೆಳಗೆ, ಲಾರಿಗಳು ಹಾದುಹೋಗುತ್ತಿರುವಂತೆಯೇ, ಅಳುವಿಲ್ಲದೆ ಆಡಿ ಮುಗಿಸಿದೆವು. ಗಂಡ ಹೆಂಡಿರಿಬ್ಬರೂ ಒಂದೇ ದಿನ ಹೊರಡುವುದು ವಿರಳ, ಒಬ್ಬರು ಉಳಿಯಲೇಬೇಕು. ಉಳಿಯುವವರಿಗೆ ದಾರಿ ಗೊತ್ತಿರಬೇಕು.

ಉಸಿರು ಸರಿಹೋದ ಮೇಲೆ ಅವರು ಎದ್ದು, "ನೀ ಮುಂದ ನಡಿ. ನಾ ನಿನ್ನ ಹಿಂದ ಬರ್ತೀನಿ" ಎಂದರು. ಕುಳಗೇರಿ ಕ್ರಾಸಿನವರೆಗಿನ ಉಳಿದ ದಾರಿಯನ್ನು ನಾನು ಗಾಳಿಗೆ ಎದೆಯೊಡ್ಡಿ ತುಳಿದೆ. ಹಿಂದಿನಿಂದ ಅವರ ಮಾತು ಕೇಳುತ್ತಲೇ ಇರಬೇಕೆಂದು ಕರಾರು ಹಾಕಿದ್ದೆ. ತಾವು ಸೇವೆಗೆ ಸೇರಿದ ದಿನದಿಂದ ಹಿಡಿದು ಪ್ರತಿಯೊಂದು ವರ್ಗಾವಣೆಯ ಕಥೆಯನ್ನೂ ಹೇಳುತ್ತ ಬಂದರು. ಅವುಗಳಲ್ಲಿ ಅರ್ಧದಷ್ಟು ಕಥೆಗಳನ್ನು ಮೂವತ್ತೊಂಬತ್ತು ವರ್ಷಗಳ ಸಂಸಾರದಲ್ಲಿ ನಾನು ಕೇಳಿಯೇ ಇರಲಿಲ್ಲ.

ಕ್ರಾಸಿನಿಂದ ಬಾದಾಮಿಗೆ ಇನ್ನೂ ಇಪ್ಪತ್ತೈದು ಕಿಲೋಮೀಟರ್. ವೈದ್ಯರ ಮಾತನ್ನು ನೆನೆದು, ಖಾಲಿ ಹೊರಟಿದ್ದ ಸರಕಿನ ವಾಹನವೊಂದರಲ್ಲಿ ಸೈಕಲ್ಲುಗಳನ್ನು ಹೇರಿಕೊಂಡು ಹೋದೆವು. ಯಜಮಾನರು ತಮ್ಮ ಕಿರುಪುಸ್ತಕದಲ್ಲಿ "25 ಕಿ.ಮೀ. ವಾಹನ" ಎಂದು ಬೇರೆ ಕಲಮಿನಲ್ಲಿ ಬರೆದರು. ಲೆಕ್ಕ ಚೊಕ್ಕವಾಗಿರಬೇಕಲ್ಲವೆ! ಬಾದಾಮಿಯಲ್ಲಿ ವೈದ್ಯರನ್ನು ಕಂಡು ಇ.ಸಿ.ಜಿ. ತೆಗೆಸಿದೆವು. ಹೃದಯ ಸರಿಯಾಗಿಯೇ ಇತ್ತು. ನೀರು ಕಡಿಮೆಯಾಗಿ ದಣಿವು ಹೆಚ್ಚಾಗಿತ್ತು. ಎರಡು ದಿನ ವಿಶ್ರಾಂತಿ ಪಡೆದೆವು. ಬನದ ಹುಣ್ಣಿಮೆ ಮುಗಿದು ಎರಡು ವಾರವಾಗಿದ್ದರೂ ಬನಶಂಕರಿಯ ಜಾತ್ರೆ ನಡೆದೇ ಇತ್ತು. ಸಂಜೆ ಅಲ್ಲಿ ಹೋಗಿ, ನಾಟಕ ಕಂಪನಿಯೊಂದರ ಆಟ ನೋಡಿ, ನಡುರಾತ್ರಿಯ ಚಳಿಯಲ್ಲಿ ನಗುತ್ತ ಬಂದೆವು. ಬೆಳಿಗ್ಗೆ ಅಗಸ್ತ್ಯತೀರ್ಥದ ದಂಡೆಯ ಮೇಲೆ ಕುಳಿತು, ಸಾವಿರದ ನಾನೂರು ವರ್ಷಗಳಿಗೂ ಹಿಂದೆ ಕೆಂಪು ಬಂಡೆಯಲ್ಲಿ ಕೊರೆದ ಗುಹೆಗಳನ್ನು ನೋಡುತ್ತ ಹೊತ್ತು ಕಳೆದೆವು.

23ರಂದು ಮತ್ತೆ ಸೈಕಲ್ ಏರಿದೆವು. ಗಾಳಿ ಇಳಿದಿತ್ತು. ಪಟ್ಟದಕಲ್ಲು ಇಪ್ಪತ್ತೆರಡು ಕಿಲೋಮೀಟರ್. ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುವ ಆ ತಾಣದಲ್ಲಿ ಎಂಟನೆಯ ಶತಮಾನದ ಎರಡು ದೊಡ್ಡ ದೇಗುಲಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ಒಂದನ್ನು ರಾಣಿ ಲೋಕಮಹಾದೇವಿಯೂ ಇನ್ನೊಂದನ್ನು ಅವಳ ತಂಗಿ, ರಾಣಿ ತ್ರೈಲೋಕ್ಯಮಹಾದೇವಿಯೂ ಕಟ್ಟಿಸಿದರು. 1987ರಿಂದ ಅವು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಗೆಲುವು ರಾಜನದು, ಅದನ್ನು ಕಲ್ಲಿನಲ್ಲಿ ಉಳಿಸಿದವರು ಹೆಂಗಸರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಇಲ್ಲಿಗೆ ಬಂದಿದ್ದೆ. ಆಗೆಲ್ಲ ಮಕ್ಕಳನ್ನು ಎಣಿಸುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು. ಈ ಸಲ ಎಣಿಸಬೇಕಾದವರು ಒಬ್ಬರೇ ಇದ್ದುದರಿಂದ ಕಂಬಗಳ ಮೇಲಿನ ಶಿಲ್ಪಗಳನ್ನು ಮನದಣಿಯೆ ನೋಡಿದೆ.

ಅಂದಿನ ರಾತ್ರಿ ಐಹೊಳೆಯಲ್ಲಿ ತಂಗಿ, ಮರುದಿನ ಅಮೀನಗಡದಲ್ಲಿ ಕರದಂಟು ತಿಂದು, ಹುನಗುಂದವನ್ನು ಸೇರಿದೆವು. ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ನನ್ನ ಹಿಂದಿನ ಚಕ್ರದ ಹವಾ ಹೋಯಿತು. ಟ್ಯೂಬನ್ನು ಹೊರತೆಗೆದು, ಹೊಲದ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗವನ್ನು ಉಜ್ಜಿ, ತೇಪೆ ಹಚ್ಚಿದವಳು ನಾನೇ. ಯಜಮಾನರು ಪಂಪು ಹಿಡಿದು ನಿಂತಿದ್ದರು.

25ರಂದು ಬೆಳಿಗ್ಗೆ ಹತ್ತಕ್ಕೆ ಇಳಕಲ್ಲಿನ ಓಣಿಯನ್ನು ಹೊಕ್ಕಾಗ ಮಗ್ಗಗಳ ಸದ್ದು ನಮ್ಮನ್ನು ಎದುರುಗೊಂಡಿತು. ಚಿಗವ್ವ ಹೊಸ್ತಿಲಲ್ಲಿ ಕುಳಿತಿದ್ದರು. ನಮ್ಮಿಬ್ಬರನ್ನೂ ಸೈಕಲ್ಲುಗಳನ್ನೂ ಬಹಳ ಹೊತ್ತು ನೋಡಿ, "ಮದಿವ್ಯಾದಾಗ ನಿನ್ನ ಅತ್ತಿ ಮನಿಗೆ ಕಳಿಸಾಕ ನಾವ ಬಂದಿದ್ವಿ. ಇವತ್ತ ನೀನ ನಿನ್ನ ಕಾಲಿಲೆ ಬಂದಿ" ಎಂದರು. ಇಳಕಲ್ ಸೀರೆ ಕೊಟ್ಟು ಉಡಿ ತುಂಬಿದರು. ಆ ಸೀರೆಯ ಸೊಗಸು ಬಲ್ಲವರಿಗೆ ಗೊತ್ತು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸಿದ ಮೇಲೆಯೇ ನೇಯ್ಗೆ ಮುಂದೆ ಸಾಗುತ್ತದೆ. ಎರಡೂ ತಮ್ಮ ಬಣ್ಣ ಬಿಡುವುದಿಲ್ಲ. ಸೀರೆ ಮಾತ್ರ ಒಂದೇ.

ತಂಗಿಯ ಮಗನ ವಾಹನದಲ್ಲಿ ಧಾರವಾಡಕ್ಕೆ ಮರಳಿದ ಮೇಲೆ ಯಜಮಾನರು ಕಿರುಪುಸ್ತಕ ತೆಗೆದು ಮೊತ್ತ ಹಾಕಿದರು. ತುಳಿದದ್ದು ಸುಮಾರು 170 ಕಿಲೋಮೀಟರ್, ಪಂಕ್ಚರು ಎರಡು, ಇ.ಸಿ.ಜಿ. ಒಂದು. ಹರೆಯದವರು ಈ ದೂರವನ್ನು ಒಂದೇ ದಿನದಲ್ಲಿ ಮುಗಿಸಬಲ್ಲರು. ಇದರಲ್ಲಿ ಸಾಹಸವೇನೂ ಇಲ್ಲ. ಆದರೆ ಕರೆದೊಯ್ಯಲ್ಪಡುವುದಕ್ಕೂ ಜೊತೆಯಾಗಿ ಹೋಗುವುದಕ್ಕೂ ಇರುವ ಅಂತರ ನನಗೆ ಈ ಹಾದಿಯಲ್ಲಿ ತಿಳಿಯಿತು. ಕ್ಯಾರಿಯರ್ ಮೇಲೆ ಕುಳಿತವಳ ಭಾರವನ್ನೂ ತುಳಿಯುವವರೇ ಹೊರಬೇಕು. ಅವರು ದಣಿದರೆ ಇಬ್ಬರೂ ನಿಂತಂತೆಯೇ. ಎರಡು ಸೈಕಲ್ಲುಗಳಿದ್ದಾಗ ಒಬ್ಬರ ದಣಿವಿನಲ್ಲಿ ಇನ್ನೊಬ್ಬರು ಮುಂದೆ ಹೋಗಿ ಗಾಳಿ ತಡೆಯಬಹುದು.

ಓದುಗ ಬಂಧುಗಳೆಲ್ಲರೂ ಸೈಕಲ್ ಏರಿ ಹೊರಡಬೇಕೆಂದು ನಾನು ಹೇಳುವುದಿಲ್ಲ. ಎಲ್ಲರ ಮೈಯೂ ಒಂದೇ ತೆರನಲ್ಲ, ಮತ್ತು ವೈದ್ಯರ ಒಪ್ಪಿಗೆಯಿಲ್ಲದೆ ಈ ವಯಸ್ಸಿನಲ್ಲಿ ಯಾರೂ ಇಂಥ ಕೆಲಸಕ್ಕೆ ಕೈಹಾಕಕೂಡದು. ತಂಪು ಹೊತ್ತಿನಲ್ಲಿ ಹೊರಟು ಹನ್ನೊಂದರೊಳಗೆ ನಿಲ್ಲುವುದು, ಬಾಯಾರುವ ಮೊದಲೇ ನೀರು ಕುಡಿಯುವುದು, ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗುವುದು, ದಾರಿಯಲ್ಲಿ ಯಾವ ಕ್ಷಣದಲ್ಲಾದರೂ ವಾಹನ ಹತ್ತಲು ಸಿದ್ಧರಿರುವುದು, ಇವಿಷ್ಟು ನಾವು ಕಂಡುಕೊಂಡ ನಿಯಮಗಳು. ಅದಕ್ಕಿಂತ ಹೆಚ್ಚಾಗಿ, ಆಡದೆ ಉಳಿದ ಮಾತುಗಳನ್ನು ಆಡಲು ಗಂಡ ಹೆಂಡಿರಿಗೆ ಮನೆಯ ಹೊರಗಿನ ಒಂದು ಮರದ ನೆರಳು ಬೇಕು. ಅದು ಯಾವ ದಾರಿಯಲ್ಲಿ ಸಿಕ್ಕರೂ ಸರಿಯೇ.

ನಮ್ಮ ಓಣಿಯ ಮೂವರು ಗೃಹಿಣಿಯರು ಈಗ ಬೆಳಗಿನ ಹೊತ್ತು ನಮ್ಮ ಅಂಗಳಕ್ಕೆ ಬರುತ್ತಾರೆ. ಅವರಲ್ಲಿ ಹಿರಿಯರಿಗೆ ಐವತ್ತೆಂಟು. ಅವರಿಗಾಗಿ ಯಜಮಾನರು ಹಳೆಯ ಸೈಕಲ್ಲೊಂದನ್ನು ತಂದು, ಸೀಟು ಇಳಿಸಿ, ಪೆಡಲ್ ಬಿಚ್ಚಿ ನಿಲ್ಲಿಸಿದ್ದಾರೆ. ಬಿಚ್ಚಿದ ಪೆಡಲ್ಲುಗಳು ನಮ್ಮ ಗೂಡಿನಲ್ಲಿ ಎಣ್ಣೆ ಸವರಿಸಿಕೊಂಡು ಕುಳಿತಿವೆ. ಒಬ್ಬರಿಗೆ ಈ ವಾರ ಅವು ಬೇಕಾಗಬಹುದು.